ಸಕ್ಕರೆಯ ದೀಪಸ್ತಂಭ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಶಿಗ್ಗಾವಿಯ ಪೇಟೆಯಲ್ಲಿ ಸಕ್ಕರೆ ಪಾಕದ ವಾಸನೆ. ಮೊನ್ನೆ ಬಸ್ಸಿಳಿದದ್ದೇ ತಡ, ಅದು ಮೂಗಿಗೆ ಬಡಿದು ದುಂಡಸಿಯ ನಮ್ಮ ಎದುರುಮನೆ ಅಜ್ಜ ನೆನಪಾದರು. ಜೊತೆಗೆ ನನ್ನ ಹಳೆಯ ಹೊಟ್ಟೆಕಿಚ್ಚೂ...

ಅಜ್ಜ ಕಾರವಾರದ ಕಡೆ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುವ ನೌಕರಿ ಮಾಡಿ ನಿವೃತ್ತರಾಗಿ ಬಂದವರು. ಸಮುದ್ರವನ್ನೇ ಕಾಣದ ನಮಗೆ ಕಟ್ಟೆಯ ಮೇಲೆ ಕುಳಿತು ಅದರ ಕಥೆ ಹೇಳುತ್ತಿದ್ದರು. ಬ್ರಿಟಿಷರ ಕಾಲದ ಗುಂಡನೆಯ ಕಲ್ಲಿನ ಗೋಪುರ, ಮೈತುಂಬ ಬಿಳಿ ಸುಣ್ಣ, ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು, ತುದಿಯಲ್ಲಿ ಗಾಜಿನ ಕೋಣೆ. ದೀಪದ ಗಾಜು ವಿಲಾಯತಿಯಿಂದ ಹಡಗಿನಲ್ಲಿ ಬಂದದ್ದಂತೆ. ಮೊದಲು ಎಣ್ಣೆಯ ದೀಪ, ಆಮೇಲೆ ಸೀಮೆಎಣ್ಣೆ, ಅಜ್ಜ ಬಿಡುವ ಹೊತ್ತಿಗೆ ಕರೆಂಟು. ದೀಪ ತಿರುಗಲು ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಡಬೇಕಿತ್ತಂತೆ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಅವರ ಮೊಮ್ಮಗಳು, ನನ್ನದೇ ವಯಸ್ಸಿನವಳು, ಪಕ್ಕದಲ್ಲಿ ಆಕಳಿಸುತ್ತಿದ್ದಳು. ಕಡಲೆ ಇದ್ದವರಿಗೆ ಹಲ್ಲಿಲ್ಲ!

ಒಂದು ವರ್ಷ ಅಜ್ಜ ಹಬ್ಬದ ಸಕ್ಕರೆ ಪಾಕ ಹೊಯ್ಯಲು ಸಾಗವಾನಿಯಲ್ಲಿ ದೀಪಸ್ತಂಭದ ಅಚ್ಚು ಕೆತ್ತಿದರು. ಮೊಮ್ಮಗಳಿಗಾಗಿ. ಊರ ಹುಡುಗಿಯರೆಲ್ಲ ಆನೆ, ಒಂಟೆ, ನವಿಲಿನ ಸಕ್ಕರೆ ಗೊಂಬೆ ಇಟ್ಟುಕೊಂಡು ಗೌರಿಗೆ ಆರತಿ ಒಯ್ದರೆ, ಆಕೆಯ ತಟ್ಟೆಯಲ್ಲಿ ಮಾತ್ರ ದೀಪಸ್ತಂಭ ಇರಲಿತ್ತು! ನನ್ನ ಹೊಟ್ಟೆ ಧಗಧಗ ಉರಿಯಿತು.

ಪಾಕ ಹೊಯ್ಯುವ ಮುಂಚೆ ಅಚ್ಚು ನೀರಲ್ಲಿ ಚೆನ್ನಾಗಿ ನೆನೆಯಬೇಕು. ಒಣಗಿದ್ದರೆ ಸಕ್ಕರೆ ಕಟ್ಟಿಗೆಗೆ ಕಚ್ಚಿಕೊಂಡು ಗೊಂಬೆ ಮುರಿಯುತ್ತದೆ. ಹಬ್ಬದ ದಿನ ಬೆಳಿಗ್ಗೆ ಪೇಟೆಗೆ ಹೊರಟ ಅಜ್ಜ ನನ್ನನ್ನು ಕರೆದು, “ನೀ ಶಾಣ್ಯಾಕಿ ಅದೀ. ಅಚ್ಚು ನೀರಾಗ ಮುಳುಗಿರಬೇಕು, ನೋಡಿಕೋತ ಕುಂದ್ರವಾ,” ಎಂದರು.

ಅವರು ಮರೆಯಾದದ್ದೇ ತಡ, ಅಚ್ಚನ್ನು ತೆಗೆದು ಬಿಸಿಲಿಗಿಟ್ಟೆ.

ಅಜ್ಜ ಬರುವಷ್ಟರಲ್ಲಿ ಅಚ್ಚು ಉದ್ದಕ್ಕೆ ಸೀಳಿಹೋಗಿತ್ತು. “ಯಾರು ತಗದಾರ ಇದನ್ನ?”

“ಅಕೀನ ಆಡಾಕ ತಗೊಂಡಿದ್ದಳ್ರೀ ಅಜ್ಜಾ,” ಅಂದೆ.

“ಹಬ್ಬದ ದಿನಾನೂ ನಿನಗ ಬುದ್ಧಿ ಬ್ಯಾಡೇನ?” ಎಂದು ಅಜ್ಜ ಮೊಮ್ಮಗಳಿಗೆ ಬೈದರು. ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಸಂಜೆ ಆಕೆಯ ತಟ್ಟೆಯಲ್ಲೂ ಬರೀ ಆನೆ, ಒಂಟೆ. ಸುಳ್ಳೇಕೆ, ನನಗೆ ಬಹಳ ಹಿಗ್ಗಾಗಿತ್ತು.

ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದವು... ನಾನು ನಿಜ ಹೇಳಲೇ ಇಲ್ಲ. ಮೊನ್ನೆ ಪೇಟೆಯಲ್ಲೇ ನಿಂತು ಸವಣೂರಿನಲ್ಲಿರುವ ಆ ಮೊಮ್ಮಗಳಿಗೆ ಫೋನ್ ಮಾಡಿದೆ. ಹೇಳಿಬಿಡಬೇಕೆಂದೇ ಮಾಡಿದ್ದೆ. ಅಜ್ಜನ ಹೆಸರೆತ್ತುತ್ತಲೇ ಆಕೆ, “ಅಜ್ಜ ನನಗ ಬೈದದ್ದು ಆ ಹುಣ್ಣಿವಿ ದಿನಾ ಒಂದ ಸಲ ನೋಡು. ಈಗ ಕಣ್ಣ ಮುಚ್ಚಿದ್ರ ಅದ ದನಿ ಕೇಳತೈತಿ, ಅಜ್ಜ ಬಾಜೂಕ ಇದ್ದಂಗ ಅನಸತೈತಿ,” ಎಂದಳು.

ನನಗೆ ಅವರು ಒಮ್ಮೆಯೂ ಬೈದವರಲ್ಲ. ಆ ಬೈಗುಳ ನನಗೆ ಸೇರಬೇಕಾದದ್ದು. ಅದೂ ಆಕೆಯ ಪಾಲಾಗಿತ್ತು.