ಕಾವಲಿಯ ಬಣ್ಣದ ಪರದೆ

ಅನ್ವಿ, ನಿಹಾಲ್,

ನೀವಿಬ್ಬರೂ ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವರು. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಸರಿಯಾಗಿ ಬರುವುದು ಈ ಭಾಷೆಯಲ್ಲಿ ಮಾತ್ರ. ದೊಡ್ಡವರಾದ ಮೇಲೆ ಓದಿ; ತೊಡಕಾದಲ್ಲಿ ಅಮ್ಮನಿಂದ ಓದಿಸಿಕೊಳ್ಳಿ.

ಅದು 2017ನೇ ಇಸವಿ. ನಾನು ವಾಶಿಯ ಒಂದು ಸಣ್ಣ ಕಚೇರಿಯಲ್ಲಿ ಕಂಟೆಂಟ್ ಆಪರೇಟರ್ ಆಗಿದ್ದೆ. ಹೋಟೆಲು, ಮದುವೆ ಹಾಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕಚೇರಿ ಅದು. ಅದರ ಧನಿಗಳಿಗೆ ಕಲ್ಯಾಣದಲ್ಲಿ ಹೋಟೆಲಿತ್ತು. ಅಲ್ಲಿ ದೋಸೆ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರು ನಿಮ್ಮ ಅಜ್ಜ. ಅವರು ತೀರಿಕೊಂಡ ಮೇಲೆ, ನನಗೆ ಟೈಪಿಂಗ್ ಬರುತ್ತದೆಂದು ತಿಳಿದು ಧನಿಗಳು ಈ ಕೆಲಸ ಕೊಟ್ಟರು. ದಿನಾ ಡೊಂಬಿವಲಿಯಿಂದ ಠಾಣೆಗೆ ಬಂದು ಲೋಕಲ್ ರೈಲು ಬದಲಿಸಿ ಹೋಗುತ್ತಿದ್ದೆ. ನಿಮ್ಮ ಅಮ್ಮ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಮನೆ ನಡೆಯುತ್ತಿದ್ದದ್ದು ಈ ಒಂದು ಕುರ್ಚಿಯಿಂದ.

ಕಚೇರಿಯನ್ನು ನಡೆಸುತ್ತಿದ್ದವನು ಧನಿಗಳ ತಂಗಿಯ ಮಗ ಶೇಖರ್. ನನಗಿಂತ ಹದಿನೈದು ವರ್ಷ ಚಿಕ್ಕವನು. ಹೊಸಬರು ಬಂದಾಗಲೆಲ್ಲ ನನ್ನನ್ನು ತೋರಿಸಿ, "ಇವರು ಸುಮತಿಯಕ್ಕ. ಮಾವ ಪಾಪ ಅಂತ ಇಟ್ಟುಕೊಂಡದ್ದು" ಎನ್ನುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳಿಗೆ ತಲೆ ತಗ್ಗಿಸುವುದನ್ನು ಯಾರೂ ಬೇರೆ ಕಲಿಸಬೇಕಾಗಿರಲಿಲ್ಲ.

ನನ್ನ ಕೆಲಸ ಕೋಡ್ ಎಡಿಟರಿನಲ್ಲಿ. ವೆಬ್‌ಸೈಟಿನ ಒಳಗಿನ ಬರಹವನ್ನು ತೆರೆದು ತಿದ್ದುವ ತಂತ್ರಾಂಶ ಅದು. ಕೋಡಿನ ನಡುವೆ ಸರಿಯಾದ ಜಾಗ ಹುಡುಕಿ ತಿಂಡಿಯ ಹೆಸರುಗಳನ್ನು ಕನ್ನಡ, ಮರಾಠಿ ಅಕ್ಷರಗಳಲ್ಲಿ ಕೂರಿಸಬೇಕು. ಆ ವರ್ಷ ನನ್ನ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಮತ್ತೆ ಕೆಲಸಕ್ಕೆ ಬಂದಾಗ ಎಡಿಟರಿನ ಬಿಳಿ ಪರದೆ ಮಧ್ಯಾಹ್ನದ ಬಿಸಿಲಿನಂತೆ ಹೊಡೆಯತೊಡಗಿತು. ಊಟದ ಹೊತ್ತಿಗೆ ಕಣ್ಣಲ್ಲಿ ನೀರು, ತಲೆಯಲ್ಲಿ ಸುತ್ತಿಗೆ. ಒಂದು ದಿನ ಕೋಡಿನ ಒಂದು ಗುರುತು ಬಿಟ್ಟುಹೋಗಿ ಒಬ್ಬ ಗ್ರಾಹಕರ ಅರ್ಧ ಮೆನು ಮಾಯವಾಯಿತು.

"ಕಣ್ಣು ಕಾಣದಿದ್ದರೆ ಮನೆಯಲ್ಲಿ ಕೂತು ಹಪ್ಪಳ ಮಾಡಿ ಮಾರಾಯ್ರೆ" ಎಂದ ಶೇಖರ್, ಎಲ್ಲರೆದುರು.

ಪಕ್ಕದ ಕುರ್ಚಿಯ ರೋಶನಿ ಮೆಲ್ಲಗೆ, "ಆಂಟಿ, ಡಾರ್ಕ್ ಥೀಮ್ ಲಗಾವೋ ನಾ" ಎಂದಳು. ಡಾರ್ಕ್ ಥೀಮ್ ಎಂದರೆ ಕಪ್ಪು ಹಿನ್ನೆಲೆಯ ಮೇಲೆ ತಿಳಿಬಣ್ಣದ ಅಕ್ಷರ. ಅವಳು ಹಾಕಿಕೊಟ್ಟಳು. ಆದರೆ ಆ ಕಡುಗಪ್ಪಿನ ಮೇಲೆ ಅಕ್ಷರಗಳು ಈಜಾಡಿದವು. ತಿಂಡಿಯ ಹೆಸರುಗಳಿಗೆ ಬಂದದ್ದು ಮಂಕು ಕೆಂಪು. ಒತ್ತಕ್ಷರ ಯಾವುದು, ಕೊಂಬು ಯಾವುದು ಎಂದು ತಿಳಿಯದಾಯಿತು.

ಬಣ್ಣಗಳನ್ನು ನಾವೇ ಬದಲಿಸಬಹುದು, ಅದಕ್ಕೊಂದು ಸೆಟ್ಟಿಂಗ್ಸ್ ಫೈಲ್ ಇದೆ ಎಂದಳು ರೋಶನಿ. ಪ್ರತಿ ಬಣ್ಣಕ್ಕೂ ಹ್ಯಾಶ್ ಗುರುತಿನ ಮುಂದೆ ಆರು ಅಕ್ಷರ, ಅಂಕಿಗಳ ಸಂಕೇತ. ಒಂದು ಕಾಮಾ ತಪ್ಪಿದರೆ ಏನೂ ಬದಲಾಗುವುದಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬದಿಗಿಟ್ಟು ಮಾಡಿದೆ. ಒಂದು ವಾರ ಹಿಡಿಯಿತು. ಹಿನ್ನೆಲೆಗೆ ಕಪ್ಪಲ್ಲ, ಎಣ್ಣೆ ಕುಡಿದು ಪಳಗಿದ ಕಾವಲಿಯ ಬಣ್ಣ, ಕಪ್ಪಿನೊಳಗೆ ತುಸು ನೀಲಿ. ಸಾದಾ ಅಕ್ಷರಕ್ಕೆ ನೀರು ಮಜ್ಜಿಗೆಯ ಬಿಳಿ. ತಿಂಡಿಯ ಹೆಸರಿಗೆ ತುಪ್ಪದ ಹಳದಿ. ಕೋಡಿನ ಗುರುತುಗಳಿಗೆ ಎಳೆ ಬಾಳೆಲೆಯ ಹಸಿರು. ಆಮೇಲೆ ತಲೆನೋವು ನಿಂತಿತು, ತಪ್ಪೂ ನಿಂತಿತು.

ನವರಾತ್ರಿಯ ಮೊದಲ ದಿನ ಶೇಖರ್ ನನ್ನ ಹಿಂದೆ ಬಂದು ನಿಂತ.

"ಎಂತ ಇದು? ಎಲ್ಲಕ್ಕೂ ಕರಿ ಬಳಿದಿಟ್ಟಿದ್ದೀರಿ. ಆಯುಧಪೂಜೆಗೆ ಮಾವ ಬರ್ತಾರೆ, ನಾಲ್ಕು ಜನ ಹೋಟೆಲಿನವರು ಬರ್ತಾರೆ. ನಿಮ್ಮ ಅಮಂಗಲ ನಿಮ್ಮ ಮನೆಯಲ್ಲಿರಲಿ. ಬಿಳಿ ಮಾಡಿ. ಇಲ್ಲದಿದ್ದರೆ ದಸರಾ ಕಳೆದು ಬರುವುದು ಬೇಡ."

ಕಣ್ಣಿನ ಆಸ್ಪತ್ರೆಯ ಕಾಗದ ತೋರಿಸಲು ಹೋದೆ. ಅವನು ನೋಡಲಿಲ್ಲ.

ನಾನು ಬಿಳಿ ಮಾಡಲಿಲ್ಲ. ಅದು ಧೈರ್ಯವಲ್ಲ, ಬಿಳಿ ಮಾಡಿದರೂ ಕಣ್ಣು ಕೈಕೊಟ್ಟು ಕೆಲಸ ಹೋಗುತ್ತಿತ್ತು.

ಆಯುಧಪೂಜೆಯ ದಿನ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿಗೆ ತಾವೇ ಕುಂಕುಮ ಹಚ್ಚುವುದು ಅಲ್ಲಿನ ಪದ್ಧತಿ. ಗಂಡನಿಲ್ಲದ ನನಗೆ ಮಾತ್ರ ಬೇರೆ ಪದ್ಧತಿ. ಪ್ರತಿ ವರ್ಷ ಶೇಖರ್, "ಅಕ್ಕ, ನೀವು ಒಳಗೆ ಚುರುಮುರಿ ಕಲಸಿ" ಎಂದು ನನ್ನನ್ನು ಪ್ಯಾಂಟ್ರಿಗೆ ಕಳಿಸುತ್ತಿದ್ದ. ನನ್ನ ಯಂತ್ರಕ್ಕೆ ರೋಶನಿ ಹಚ್ಚುತ್ತಿದ್ದಳು. ಈ ಸಲವೂ ಹೇಳಿದ. ನಾನು ಕದಲಲಿಲ್ಲ. ಕುಂಕುಮದ ತಟ್ಟೆ ನನ್ನ ಮುಂದೆ ಬಂದಾಗ ಬೆರಳು ಅದ್ದಿದೆ.

"ಏ ಅಕ್ಕ! ಎಂತ ಮಾಡ್ತೀರಿ? ಮೊದಲೇ ಕರಿ ಪರದೆ, ಮೇಲೆ ನಿಮ್ಮ ಕೈ!"

ಬಂದಿದ್ದ ಹೋಟೆಲಿನವರು ನೆಲ ನೋಡಿದರು. ನಾನು ಧನಿಗಳ ಕಡೆ ತಿರುಗಿದೆ.

"ಧನಿಗಳೇ, ಇವತ್ತು ಬೆಳಿಗ್ಗೆ ಕಲ್ಯಾಣದ ಹೋಟೆಲಿನಲ್ಲಿ ಮೊದಲ ಕುಂಕುಮ ಯಾವುದಕ್ಕೆ ಹಚ್ಚಿ ಬಂದಿರಿ?"

ಅವರು "ಕಾವಲಿಗೆ" ಎಂದರು.

"ಅದರ ಬಣ್ಣ ಯಾವುದು? ಇದೂ ಅದೇ ಬಣ್ಣ. ಅದರಲ್ಲಿ ನಮ್ಮವರು ದುಡಿದರು, ಇದರಲ್ಲಿ ನಾನು ದುಡಿಯುತ್ತಿದ್ದೇನೆ. ಇದು ಅಮಂಗಲವಾದರೆ ಅದನ್ನೂ ಗುಜರಿಗೆ ಹಾಕಿ."

ಅಷ್ಟು ಉದ್ದದ ಮಾತನ್ನು ಆ ಕಚೇರಿಯಲ್ಲಿ ನಾನು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ಧನಿಗಳು ಪರದೆಯನ್ನು ನೋಡಿದರು. ಬಳಿಕ, "ಶೇಖರಾ, ಆರತಿ ಈಚೆ ತಾ" ಎಂದರು. ನಾನು ಪರದೆಯ ಚೌಕಟ್ಟಿಗೆ ಕುಂಕುಮ ಹಚ್ಚಿದೆ. ಕೆಲಸ ಉಳಿಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಧನಿಗಳು ಅಳಿಯನಿಗೆ ಒಂದು ಮಾತೂ ಹೇಳಲಿಲ್ಲ. ಅಷ್ಟು ವರ್ಷ ನಾನು ಪ್ಯಾಂಟ್ರಿಯಲ್ಲಿ ನಿಂತದ್ದು ಅವರಿಗೆ ಗೊತ್ತಿತ್ತು. ಮರುವಾರ ಶೇಖರ್ ನನ್ನ ಮೇಜನ್ನು ಪಡುವಣ ಕಿಟಕಿಯ ಎದುರಿಗೆ ಹಾಕಿಸಿದ. ಕಪ್ಪು ಪರದೆಯ ಮೇಲೆ ಬಿಸಿಲು ಬಿದ್ದರೆ ಅಕ್ಷರ ಕಾಣುವುದಿಲ್ಲ, ನಮ್ಮ ಮುಖವೇ ಕಾಣುತ್ತದೆ. ಅದು ತಿಳಿದೇ ಮಾಡಿದ. ನಾನು ಹಳೆಯ ಸೀರೆಯೊಂದನ್ನು ಮಡಚಿ ಕಿಟಕಿಗೆ ಕಟ್ಟಿದೆ. ಅವನು ಬಿಚ್ಚಿಸಿದ; ಮತ್ತೆ ಕಟ್ಟಿದೆ. ನಾನು ನಿವೃತ್ತಳಾಗುವವರೆಗೂ ನಮ್ಮ ನಡುವೆ ನಡೆದ ಮಾತುಕತೆ ಅದೇ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ದುಡಿಯುವ ಜಾಗದಲ್ಲಿ ಬೆಳಕು ನಿಮ್ಮ ಕಣ್ಣಿಗೆ ಹೊಂದುವಂತಿರಬೇಕು. ಅದನ್ನು ದಾನವೆಂದು ಕೇಳಬೇಡಿ. ಕೇಳಿದರೆ ಕೊಟ್ಟವರು ಹಬ್ಬಕ್ಕೊಮ್ಮೆ ಲೆಕ್ಕ ತೆಗೆಯುತ್ತಾರೆ.

ಈ ಹಾಳೆಗಳ ಫೋಟೋ ಹೊಡೆದುಕೊಂಡು ಕಾಗದ ಎಸೆಯಬೇಡಿ. ಮಳೆನೀರು ತಾಗದ ಕಡೆ ಇಡಿ. ಶೇಖರ್ ಮೊನ್ನೆ ಮಂದಿರದಲ್ಲಿ ಸಿಕ್ಕಿ ನಮಸ್ಕರಿಸಿದಾಗ ನಾನೂ ಕೈ ಮುಗಿದೆ. ನಾನು ಅವನನ್ನು ಕ್ಷಮಿಸಿಲ್ಲ ಎಂಬುದು ಇರುವುದು ಈ ಹಾಳೆಗಳಲ್ಲಿ ಮಾತ್ರ.