ಏಳು ಬಟ್ಟಲಿಗೂ ಒಂದೊಂದು ಹಳದಿ ಗುಳಿಗೆ

ಆ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತಿಗೆ. ಅಲ್ಲಿ ಕೂತದ್ದು ಹೆಚ್ಚೆಂದರೆ ನಲವತ್ತು ನಿಮಿಷ. ಆಮೇಲೆ ಆ ನಲವತ್ತು ನಿಮಿಷಕ್ಕೆ ಎಷ್ಟು ಸಲ ಮರಳಿ ಹೋಗಿದ್ದೇನೋ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ, ಕುಕ್ಕರಿನ ಮುಂದೆ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ. ಪ್ರತಿ ಸಲವೂ ಪೆನ್ನು ಎತ್ತಿ ಅದೇ ಚೌಕದಲ್ಲಿ ಅದೇ ಗುರುತು ಹಾಕಿ ಬರುತ್ತೇನೆ.

ನನ್ನ ಕೆಲಸ ದೊಡ್ಡದೇನಲ್ಲ. ಬಿ.ಎಸ್ಸಿ. ಓದಿ, ಗಂಡನ ನೌಕರಿಯ ಹಿಂದೆ ಮೈಸೂರಿನಿಂದ ಪುಣೆಗೆ ಬಂದು, ವಾಕಡದ ಹನ್ನೊಂದನೆಯ ಮಹಡಿಯಲ್ಲಿ ಎರಡು ವರ್ಷ ಸುಮ್ಮನೆ ಕೂತ ಮೇಲೆ ಸಿಕ್ಕಿದ್ದು. ಬಡಾವಣೆಗಳ ಸಣ್ಣ ದವಾಖಾನೆಗಳಲ್ಲಿ ಚಿಕಿತ್ಸೆ ಸುಧಾರಿಸುವುದು ಹೇಗೆ, ಔಷಧಿ ಮನೆಗೆ ಹೋದ ಮೇಲೆ ಜನ ಅದನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಒಂದು ಸಂಶೋಧನೆ. ಅದಕ್ಕಾಗಿ ನಾವು ನಾಲ್ಕು ಜನ ಮನೆಮನೆಗೆ ಹೋಗಿ ಗುಳಿಗೆ ಎಣಿಸುತ್ತಿದ್ದೆವು. ಭಾಷೆ ಬರುತ್ತದೆಂದು ಬಿಬವೇವಾಡಿಯ ಕನ್ನಡದ ಮನೆಗಳು ನನ್ನ ಪಾಲಿಗೆ ಬಂದವು. ಬಸ್ಸು ಬದಲಿಸಿ ಅಲ್ಲಿಗೆ ತಲುಪುವಷ್ಟರಲ್ಲೇ ಅರ್ಧ ದಣಿದಿರುತ್ತಿದ್ದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಥವಾ ನೆಪವಾಗಿಯೇ ಹೇಳುತ್ತಿದ್ದೇನೋ ಏನೋ.

ನಮಗೊಂದು ನಿಯಮವಿತ್ತು. ನೋಡಬೇಕು, ಎಣಿಸಬೇಕು, ಬರೆಯಬೇಕು, ಬುದ್ಧಿ ಹೇಳಬಾರದು. ಅಪಾಯ ಕಂಡರೆ ಮಾತ್ರ ಸಂಶೋಧನೆಯ ಹೊಣೆ ಹೊತ್ತ ಡಾಕ್ಟರಿಗೆ ಕೂಡಲೇ ಫೋನ್ ಮಾಡಬೇಕು. ಅಪಾಯ ಕಂಡರೆ.

ಬಾಗಿಲು ತೆರೆದವರು ಅರವತ್ತೈದು ದಾಟಿದ ಹೆಂಗಸು. ವಿಜಾಪುರದ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ನಲವತ್ತು ವರ್ಷ. ಗಂಡ ಇಲ್ಲ. ಮಗನಿಗೆ ಅಲ್ಲೇ ಪೇಟೆಯಲ್ಲಿ ಬಟ್ಟೆ ಅಂಗಡಿ.

"ಬರ್ರಿ ಬಾಯರ, ಒಳಗ ಬರ್ರಿ. ಚಪ್ಪಲಿ ಹೊರಗೇ ಇರ್ಲಿ. ಯಾರೂ ಒಯ್ಯಂಗಿಲ್ಲ, ಅಷ್ಟು ಹರದಾವ."

ಇಬ್ಬರೂ ನಕ್ಕೆವು. ಮನೆಯಲ್ಲಿರುವ ಔಷಧಿಯನ್ನೆಲ್ಲ ತೋರಿಸ್ತೀರಾ ಎಂದು ಕೇಳಿದೆ.

"ಅದೇ ಅಲ್ರಿ ಈಗ ನನ್ನ ಆಸ್ತಿ" ಎನ್ನುತ್ತ ಅಡುಗೆಮನೆಯಿಂದ ಒಂದು ಸ್ಟೀಲಿನ ಮಸಾಲೆ ಡಬ್ಬಿ ತಂದರು. ಮುಚ್ಚಳ ತೆಗೆದರೆ ಇನ್ನೂ ಸಾಸಿವೆಯ ವಾಸನೆ. ನಡುವೆ ಒಂದು ಬಟ್ಟಲು, ಸುತ್ತ ಆರು. "ನಡುವಿಂದು ಐತ್ವಾರ. ಅಲ್ಲಿಂದ ಸುತ್ತ ಹಾಕ್ಕೋತ ಬಂದ್ರ ಶನಿವಾರ. ಹೆಂಗದ?"

ನನಗೆ ನಿಜಕ್ಕೂ ಖುಷಿಯಾಯಿತು. ಅಷ್ಟು ದಿನ ನಾನು ಕಂಡದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಲಸಿಹೋದ ಗುಳಿಗೆ ಪಟ್ಟಿಗಳನ್ನು, ದೇವರ ಗೂಡಿನಲ್ಲಿ ಮೆತ್ತಗಾದ ಗುಳಿಗೆಗಳನ್ನು. ಇಲ್ಲಿ ಭಾನುವಾರದಿಂದ ಮಂಗಳವಾರದವರೆಗಿನ ಬಟ್ಟಲು ಖಾಲಿ. ಉಳಿದ ನಾಲ್ಕರಲ್ಲೂ ಒಂದೇ ಸಮ: ಸಕ್ಕರೆ ಕಾಯಿಲೆಯದೊಂದು, ಬಿ.ಪಿ.ಯದೊಂದು, ಸಣ್ಣ ಹಳದಿಯದೊಂದು. ಹಳದಿಯದು ಯಾವುದಕ್ಕೆ ಎಂದರೆ, "ಕೀಲುಬ್ಯಾನಿಗ್ರಿ. ದೊಡ್ಡ ದವಾಖಾನಿಯವರು ಕೊಟ್ಟದ್ದು" ಎಂದರು.

"ಎಲ್ಲಾ ನೀವೇ ತುಂಬ್ತೀರಾ ಅಮ್ಮ?"

"ಸೊಸಿ ತುಂಬತಿದ್ಲು. ಅವರವ್ವಗ ಕಣ್ಣಿನ ಆಪರೇಶನ್ ಅಂತ ಊರಿಗೆ ಹೋಗ್ಯಾಳ. ಈ ಐತ್ವಾರದಿಂದ ನಾನೇ ಬಡಸೂದು. ಆಕಿ ಹಳದಿದು ಒಂದು ಬಟ್ಟಲಕ್ಕ ಹಾಕಿ ಉಳದವಕ್ಕ ಬಿಡತಿದ್ಲು. ನಾ ಹಂಗ ಮಾಡಂಗಿಲ್ಲ. ಸಾಲಿನ್ಯಾಗ ಕುಂತವರಿಗೆ ಪಂಕ್ತಿಭೇದ ಮಾಡಬಾರದು, ನಮ್ಮತ್ತಿ ಕಲಿಸಿದ್ದು. ಎಲ್ಲಾರಿಗೂ ಮೂರ್ ಮೂರು."

ನಾನು ನಕ್ಕೆ. ಇದೇ ಆ ಗಳಿಗೆ. ಅಪಾಯವನ್ನು ಅವರು ನನ್ನ ಮುಖಕ್ಕೆ ಹೇಳಿದರು, ಬಿಡಿಸಿ ಹೇಳಿದರು, ನಾನು ಒಳ್ಳೆಯ ತಮಾಷೆ ಕೇಳಿದವಳಂತೆ ನಕ್ಕೆ.

ನಮ್ಮ ನಮೂನೆಯಲ್ಲಿ 'ಡೋಸ್ ತಪ್ಪಿದೆಯೇ' ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. 'ಡಾಕ್ಟರ ಚೀಟಿಯೊಂದಿಗೆ ಹೋಲಿಸಲಾಗಿದೆಯೇ' ಎಂಬ ಪ್ರಶ್ನೆಯೂ ಇತ್ತು. ಚೀಟಿ ಇದ್ದ ಫೈಲು ಕಪಾಟಿನಲ್ಲಿ, ಅದರ ಕೀಲಿ ಅಂಗಡಿಯಲ್ಲಿದ್ದ ಮಗನ ಹತ್ತಿರ. ಅಂಥ ಹೊತ್ತಿಗೆಂದೇ ಮೂರನೆಯ ಚೌಕವಿತ್ತು: 'ಚೀಟಿ ಲಭ್ಯವಿಲ್ಲ.' ಅದಕ್ಕೂ ಗುರುತು ಬಿತ್ತು. "ಇಷ್ಟು ಅಚ್ಚುಕಟ್ಟಾಗಿ ಯಾರೂ ಇಟ್ಟಿದ್ದು ನಾನು ನೋಡೇ ಇಲ್ಲ, ಶಭಾಷ್ ಅಮ್ಮ" ಎಂದೆ. ಡಬ್ಬಿಯ ಫೋಟೋ ತೆಗೆದು ನಮ್ಮ ಗುಂಪಿಗೆ ಹಾಕಿದೆ. ಉಳಿದ ಮೂವರೂ ಮೆಚ್ಚಿದರು. ಡಾಕ್ಟರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು.

ಎರಡನೆಯ ಸಲ ಹೋದದ್ದು ಹತ್ತು ದಿನ ಬಿಟ್ಟು, ಶುಕ್ರವಾರ. ಬಾಗಿಲು ತೆರೆದವನು ಮಗ. ಅಂಗಡಿಗೆ ಹೋಗಿರಲಿಲ್ಲ. "ಅವ್ವಗ ಆರಾಮಿಲ್ರಿ. ಎರಡು ದಿನ ಆತು, ಜ್ವರ" ಎಂದ. ಆಕೆ ದಿವಾನದ ಮೇಲೆ ಮಲಗಿದ್ದರು. ತುಟಿ ಒಡೆದು ರಕ್ತ ಒಣಗಿತ್ತು. ಪಕ್ಕದಲ್ಲಿ ಮುಟ್ಟದ ಚಹಾ.

"ಬಾಯಿ ತುಂಬ ಹುಣ್ಣು ಬಾಯರ" ಎಂದರು. ಒಂದೊಂದು ಮಾತಿಗೂ ನೋಯುತ್ತಿತ್ತು. "ಎಲಿಗೆ ಸುಣ್ಣ ಜಾಸ್ತಿ ಹಚ್ಕೊಂಡೀನಂತ, ಮಗ ಬೈತಾನ."

"ಬೈಲಾರದ ಏನ್ ಮಾಡ್ಲಿ? ಓಣಿ ಡಾಕ್ಟರ್ ಬಾಯಿಹುಣ್ಣಿಗೆ ಗುಳಿಗಿ ಕೊಟ್ಟಾನ, ಅದಕ್ಕೂ ಕಡಿಮಿ ಆಗವಲ್ದು" ಎಂದ ಮಗ.

ದೊಡ್ಡ ಆಸ್ಪತ್ರೆಯ ಫೋನ್ ನಂಬರ್ ಹುಡುಕಲು ಅವನು ಫೈಲನ್ನು ಹೊರಗೆ ತೆಗೆದಿಟ್ಟಿದ್ದ. ಹೋದ ಸಲ ಬಿಟ್ಟುಹೋದದ್ದನ್ನು ತುಂಬೋಣವೆಂದು ನಾನು ಅದನ್ನು ತೆರೆದೆ. ಅಷ್ಟೇ ನನ್ನ ಉದ್ದೇಶ, ಒಂದು ಚೌಕ ತುಂಬುವುದು. ಕೀಲುನೋವಿನ ಗುಳಿಗೆಯ ಮುಂದೆ 'ವಾರಕ್ಕೆ ಒಂದು ದಿನ ಮಾತ್ರ, ರವಿವಾರ' ಎಂದು ಮರಾಠಿಯಲ್ಲಿ ಬರೆದು, ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು.

ಅಡುಗೆಮನೆಗೆ ಹೋಗಿ ಡಬ್ಬಿ ತೆರೆದೆ. ಶನಿವಾರದ ಬಟ್ಟಲೊಂದೇ ತುಂಬಿತ್ತು. ಮೂರು ಗುಳಿಗೆ. ಎಂದರೆ ಇವತ್ತಿನದೂ ಹೊಟ್ಟೆಗೆ ಹೋಗಿತ್ತು. ಎರಡು ವಾರಕ್ಕೆ ಒಂದು ದಿನವಷ್ಟೇ ಕಡಿಮೆ, ಹದಿಮೂರು ಹಳದಿ ಗುಳಿಗೆ.

ಹೊರಗಿನಿಂದ ಆಕೆಯ ದನಿ ಬಂತು. "ಬಾಯಿ ಉರದ್ರೂ ಒಂದಿನಾನೂ ತಪ್ಪಿಸಿಲ್ಲ ನೋಡ್ರಿ."

ತರಬೇತಿಯಲ್ಲಿ ನಮಗೆ ಇದನ್ನು ಹೇಳಿದ್ದರು. ಕೆಲವು ಗುಳಿಗೆ ವಾರಕ್ಕೊಂದೇ, ಅದನ್ನೇ ದಿನವೂ ತಿಂದರೆ ವಿಷ. ಮೊದಲು ಬಾಯಿ ಹುಣ್ಣಾಗುತ್ತದೆ, ಆಮೇಲೆ ರಕ್ತ ಕೆಡುತ್ತದೆ ಎಂದು. ನಾನು ಬರೆದುಕೊಂಡಿದ್ದೆ. ಆ ಪುಟ ನನ್ನ ಚೀಲದಲ್ಲೇ ಇತ್ತು.

ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಆ ಗುಳಿಗೆ ನಿಲ್ಲಿಸಿ, ಪಟ್ಟಿ ಮತ್ತು ಫೈಲ್ ಹಿಡಿದುಕೊಂಡು ಈಗಿಂದೀಗ ಆಸ್ಪತ್ರೆಗೆ ಹೊರಡಿ, ನಾನೂ ಅಲ್ಲಿಗೆ ಹೇಳಿಟ್ಟಿರುತ್ತೇನೆ ಎಂದರು. ರಿಕ್ಷಾದಲ್ಲಿ ಆಕೆಯನ್ನು ನಡುವೆ ಕೂರಿಸಿಕೊಂಡೆವು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬೇಗ ಹೋಗೆಂದು ಮಗ ಚಾಲಕನಿಗೆ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದ: "ದಾದಾ, ಲವಕರ್." ಆಕೆಯ ತಲೆ ನನ್ನ ಭುಜದ ಮೇಲಿತ್ತು. ಆ ಬಿಸಿ ನನ್ನ ರವಿಕೆಯ ತೋಳಿನೊಳಗೆ ಇಳಿಯುತ್ತಿತ್ತು.

ರಕ್ತದಲ್ಲಿ ಬಿಳಿಕಣಗಳು ಬಹಳ ಇಳಿದಿದ್ದವು. ವರದಿ ನೋಡಿದ ವೈದ್ಯೆ, "ಇನ್ನೆರಡು ದಿನ ತಡವಾಗಿದ್ದರೆ..." ಎಂದು ಅಲ್ಲಿಗೇ ಬಿಟ್ಟು ಬೇರೆ ಕಾಗದ ಎತ್ತಿಕೊಂಡಳು. ನನ್ನ ತಲೆಯಲ್ಲಿ ಆ ವಾಕ್ಯ ಈಗಲೂ ಮುಗಿದಿಲ್ಲ.

ಒಂಬತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಆಕೆ ಉಳಿದರು. ನಾನು ನಮ್ಮ ಡಾಕ್ಟರ ಮುಂದೆ ನಿಂತು, ಮೊದಲ ಭೇಟಿಯಲ್ಲೇ ಎಲ್ಲವೂ ನನ್ನ ಕಣ್ಣ ಮುಂದಿತ್ತು ಎಂದೆ. ಅವರು, "ಆ ಫೋಟೋ ನಾನೂ ನೋಡಿದ್ದೆ" ಎಂದರು. ನಮೂನೆ ಬದಲಾಯಿತು. 'ಚೀಟಿ ಲಭ್ಯವಿಲ್ಲ' ಎಂಬ ಚೌಕ ತೆಗೆದುಹಾಕಿದರು. ಚೀಟಿ ಸಿಗುವ ತನಕ ಆ ಮನೆಗೆ ಮತ್ತೆ ಮತ್ತೆ ಹೋಗಬೇಕು. ಒಳ್ಳೆಯದೇ ಆಯಿತು. ಆದರೆ ಹಗುರವೇನೂ ಆಗಲಿಲ್ಲ.

ಆಕೆ ಮನೆಗೆ ಬಂದ ಮೇಲೆ ನೋಡಲು ಹೋದೆ. ಸೊಸೆ, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ಮರುದಿನವೇ ಊರಿಂದ ಓಡಿಬಂದವಳು, ಚಹಾ ತಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಮಗ ನನಗೆ ಕುರ್ಚಿ ಎಳೆದು ಕೈ ಮುಗಿದ.

"ನೀವು ದೇವರು ಬಂದಂಗ ಬಂದ್ರಿ ಮೇಡಂ. ಹೊರಗಿನವರಿಗೆ ಕಂಡದ್ದು ಮನಿಯವರಿಗೆ ಕಾಣಲಿಲ್ಲ. ಈಕಿಗೆ ಹದಿನೈದು ದಿನ ತವರಮನಿ ಬೇಕಾಗಿತ್ತು."

"ಸಾಕ್ ಬಿಡೋ" ಎಂದರು ಮುದುಕಿ.

"ಯಾಕ ಬಿಡ್ಲಿ? ದಿನಾ ಹೇಳಾವನೇ. ಇದ್ದಿದ್ರ ಹಿಂಗಾಗ್ತಿತ್ತೇನು?"

ಸೊಸೆ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳು ಇದನ್ನು ದಿನವೂ ಕೇಳುತ್ತಿದ್ದಾಳೆಂದು ಅವಳು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ನಾನು ಕಪ್ಪು ಕೆಳಗಿಟ್ಟೆ.

"ಮೊದಲನೇ ಸಲ ಬಂದಾಗಲೇ ನಾನು ನೋಡಿದ್ದೆ. ಎಲ್ಲಾ ಬಟ್ಟಲಲ್ಲೂ ಹಳದಿ ಗುಳಿಗೆ ಇತ್ತು. ಅಮ್ಮ ನನಗೆ ಹೇಳಿದ್ರು ಕೂಡ. ನಾನು ಎಣಿಸಿ, ಚೆನ್ನಾಗಿದೆ ಅಂತ ಬರ್ಕೊಂಡು ಹೋದೆ. ಹತ್ತು ದಿನ ಮೊದಲೇ ನಿಲ್ಲಿಸಬಹುದಿತ್ತು."

"ಹಂಗಂದ್ರ?" ಎಂದ ಮಗ. ಅವನ ಕೈ ಇನ್ನೂ ಅರ್ಧ ಜೋಡಿಸಿದಂತೆಯೇ ಇತ್ತು.

ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಮುದುಕಿ ದಿಂಬಿಗೆ ಒರಗಿ ಎದ್ದು ಕೂತು ಮಗನ ಕಡೆ ತಿರುಗಿದರು. "ಮೊದಲ ಮೆಡಿಕಲ್‌ನವ ಪಟ್ಟಿ ಕತ್ತರಿಸಿ ತಿಂಗಳಿಗೆ ನಾಕೇ ಕೊಡ್ತಿದ್ದ. ಈ ಸಲ ನೀ ಹಳೆ ಪಟ್ಟಿ ತೋರಿಸಿ ಎರಡು ಪಟ್ಟಿ ಇಡಿಇಡಿ ತಂದಿ. ನಾ ನುಂಗಿದೆ. ಈ ಬಾಯರು ಎಣಿಸಿದ್ರು. ಇಷ್ಟು ಮಂದಿ ಕೂಡಿ ಮಾಡೀವಿ, ಊರಾಗೇ ಇಲ್ಲದಾಕಿಗೆ ಯಾಕ ಬೈತಿ?"

ಮಗ ಎದ್ದು ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದ. ನನಗೆ ಹೋಗಿ ಬರುತ್ತೇನೆಂದು ಹೇಳಲಿಲ್ಲ.

ಸೊಸೆ ಬಾಗಿಲ ತನಕ ಬಂದಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಸಣ್ಣ ದನಿಯಲ್ಲಿ ಕೇಳಿದಳು. "ನನ್ನ ನಂಬರ್ ನಿಮ್ಮ ಕಾಗದದಾಗ ಇತ್ತಂತಲ್ರಿ, ಅತ್ತಿ ಬರಸಿದ್ರಂತ. ಒಂದ್ ಫೋನ್ ಮಾಡಬೇಕಿತ್ತಲ್ರಿ ಅಕ್ಕಾರ. ಹಳದಿದು ಐತ್ವಾರದ್ದು ಅಂತ ಒಂದು ಮಾತು ಹೇಳ್ತಿದ್ದೆ."

"ಹೌದು. ಮಾಡಬೇಕಿತ್ತು" ಎಂದೆ.

ನಾನು ಮೆಟ್ಟಿಲಿಳಿದು ಮುಗಿಸುವ ತನಕ ಅವಳು ಬಾಗಿಲು ಹಾಕಲಿಲ್ಲ. ಅದು ಮರ್ಯಾದೆಗೋ ಸಿಟ್ಟಿಗೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.