ಸಮುದ್ರ ದಾಟಿದ ಎರಡು ಸೈಕಲ್

ನನ್ನ ಗೆಳತಿಗೆ ನಾನು ಸೈಕಲ್ ಕಲಿಸಿದ್ದು ಹಾಲೆಂಡಿನ ಹೂಫ್‌ಡಾರ್ಪಿನಲ್ಲಿ, ನಮ್ಮ ಆಫೀಸಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ. ಭಾನುವಾರ ಅಲ್ಲಿ ಒಂದು ಕಾರೂ ಇರುತ್ತಿರಲಿಲ್ಲ. ಪಕ್ಕದ ಸ್ಕಿಪೋಲ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆಯ ಮೇಲೆ ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿಸಲವೂ ಅವಳು ತಲೆ ಎತ್ತಿ ನೋಡುವಳು, ಸೈಕಲ್ ವಾಲುವುದು.

"ಮ್ಯಾಲ ನೋಡಬ್ಯಾಡ, ಮುಂದ ನೋಡು!" ಎಂದು ನಾನು ಹಿಂದಿನಿಂದ ಕೂಗುತ್ತಿದ್ದೆ.

"ಮುಂದೆ ನೋಡಿದ್ರೆ ಇನ್ನೂ ಭಯ ಆಗತ್ತೆ ಕಣೇ!"

ನಾನು ಧಾರವಾಡದವಳು. ಕಾಲೇಜಿಗೆ ಏರು ದಾರಿಯಲ್ಲಿ ಸೈಕಲ್ ತುಳಿದು ಬೆಳೆದವಳಾದ್ದರಿಂದ, ಹಾಳೆಯಂತೆ ಚಪ್ಪಟೆಯಾಗಿರುವ ಈ ನಾಡಿಗೆ ಬಂದಾಗ ಸೈಕಲ್ಲಿನ ವಿಷಯದಲ್ಲಿ ಮಾತ್ರ ನನಗೆ ಯಾರ ಹಂಗೂ ಬೇಕಾಗಲಿಲ್ಲ. ಅವಳು ಬೆಂಗಳೂರಿನ ಶಿವಾಜಿನಗರದವಳು. ಮನೆಯಲ್ಲಿ ದಖ್ನಿ ಉರ್ದು, ಬೀದಿಯಲ್ಲಿ ಕನ್ನಡ. ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕೆಲಸ, ಹತ್ತಿರದ ಬಾಡ್‌ಹೂವೆಡಾರ್ಪಿನಲ್ಲಿ ಮನೆ. ನಮ್ಮ ಪರಿಚಯವಾದದ್ದು ಬಸ್ಸಿನಲ್ಲಿ. ಆಗ ತಾನೇ ಟಿಕೆಟ್ ಹೋಗಿ ಕಾರ್ಡ್ ಬಂದಿತ್ತು. ಯಂತ್ರ ಅವಳ ಕಾರ್ಡನ್ನು ಒಪ್ಪಲಿಲ್ಲ. "ಥೂ, ಇದರ ಮನೆ ಹಾಳಾಗ" ಎಂದು ಅವಳು ಗೊಣಗಿದ್ದು ಕೇಳಿ ನಾನು ತಿರುಗಿ ನೋಡಿದೆ. ಅಂದಿನಿಂದ ನಾವು ಒಂದೇ ಸೀಟಿನಲ್ಲಿ ಕೂತೆವು.

ಅವಳಿಗೆ ಸಮತೋಲನದ ತೊಂದರೆ ಇರಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ಸ್ಕೂಟರ್ ಓಡಿಸಿದವಳು. ತೊಂದರೆ ಇದ್ದದ್ದು ಬ್ರೇಕಿನದು. ಅವಳು ಕೊಂಡಿದ್ದ ಹಳೆಯ ಡಚ್ ಸೈಕಲ್ಲಿಗೆ ಹ್ಯಾಂಡಲ್ಲಿನಲ್ಲಿ ಬ್ರೇಕೇ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ಗಾಬರಿಯಾದಾಗಲೆಲ್ಲ ಅವಳ ಕಾಲು ತಾನಾಗಿ ಹಿಂದಕ್ಕೆ ಹೋಗುವುದು, ಸೈಕಲ್ ಗಕ್ಕನೆ ನಿಲ್ಲುವುದು, ಇವಳು ಮುಂದಕ್ಕೆ ಜಿಗಿಯುವುದು. ನನ್ನದು ಗೇರಿನ ಸೈಕಲ್, ಎರಡೂ ಕೈಗೆ ಬ್ರೇಕು. "ನಂದು ತಗೋ," ಅಂದರೆ ಕೇಳಲಿಲ್ಲ. "ನಕ್ಕೋ ಮಾ. ಎರಡು ಕೈ, ಎರಡು ಕಾಲು, ಎಲ್ಲಾ ಒಟ್ಟಿಗೆ ನೋಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ." ಬೇಸಿಗೆ ಮುಗಿಯುವಷ್ಟರಲ್ಲಿ ಅವಳು ಆ ಕಾಲಿನ ಬ್ರೇಕನ್ನು ಎಷ್ಟು ಪಳಗಿಸಿದಳೆಂದರೆ, ಕಾಲುವೆಯ ಅಂಚಿನಲ್ಲಿ ಮೊಟ್ಟೆಯ ಮೇಲೆ ನಿಲ್ಲಿಸಿದಷ್ಟು ಹಗುರವಾಗಿ ಗಾಡಿ ನಿಲ್ಲಿಸುತ್ತಿದ್ದಳು.

ಆಮೇಲೆ ಶನಿವಾರಗಳು ನಮ್ಮವಾದವು. ಮಕ್ಕಳು ಈಜಿಗೆ, ಗಂಡಂದಿರು ಅಡುಗೆಮನೆಗೆ, ನಾವು ರಸ್ತೆಗೆ. ನಮ್ಮ ಊರನ್ನು ಸುತ್ತುವ ಕಾಲುವೆಯ ಏರಿಯ ಮೇಲೆ ಮೊದಮೊದಲು ಹೋಗುತ್ತಿದ್ದೆವು. ಇಲ್ಲಿ ನೆಲ ಕೆಳಗೆ, ನೀರು ಮೇಲೆ. ಏರಿಯ ಬುಡದ ಮನೆಗಳ ಕಿಟಕಿಗಿಂತ ಎತ್ತರದಲ್ಲಿ ದೋಣಿಗಳು ಸಾಗುತ್ತವೆ. ನಂತರ ಹಾರ್ಲೆಮ್, ಲೈಡನ್, ಝಾಂಡ್‌ಫೋರ್ಟಿನ ಮರಳುದಿಬ್ಬಗಳು. ನನ್ನ ಬೆನ್ನ ಚೀಲದಲ್ಲಿ ಯಾವಾಗಲೂ ಕ್ಯಾಮೆರಾ ಇರುತ್ತಿತ್ತು. ರಾಣಿಯ ಹುಟ್ಟುಹಬ್ಬದಂದು ಊರವರೆಲ್ಲ ಮನೆಯ ಹಳೆ ಸಾಮಾನು ಬೀದಿಯಲ್ಲಿ ಹರಡಿಕೊಂಡು ಮಾರುವ ಸಂತೆಯಲ್ಲಿ ನಾನು ಚೌಕಾಸಿ ಮಾಡಿ ಕೊಂಡದ್ದು ಅದು. ಬಾತುಕೋಳಿ, ಸೇತುವೆ, ಬೆಳಗಿನ ಮಂಜು, ಏನು ಕಂಡರೂ ನಿಲ್ಲುತ್ತಿದ್ದೆ.

"ಸೈಕಲ್ ಹೊಡೆಯೋಕೆ ಬಂದಿದೀಯೋ, ಫೋಟೋ ಹೊಡೆಯೋಕೋ?" ಎಂದು ಅವಳು ರೇಗುತ್ತಿದ್ದಳು.

"ಎರಡಕ್ಕೂ. ನಿಲ್ಲು, ಆ ಮೋಡ ಸರೀಲಿ."

"ಹಾಲೆಂಡಲ್ಲಿ ಮೋಡ ಸರಿಯೋವರೆಗೆ ಕಾಯ್ತಾಳಂತೆ!"

ಅವಳ ತಾಯಿಯ ತಂಗಿ, ಅವಳು ಖಾಲಾ ಎಂದು ಕರೆಯುವವರು, ಇಂಗ್ಲೆಂಡಿನ ಉತ್ತರದ ತುದಿಯಲ್ಲಿದ್ದರು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಗೆಳತಿ ಇನ್ನೂ ಕೂಸಾಗಿದ್ದಾಗಲೇ ಅಲ್ಲಿನ ಆಸ್ಪತ್ರೆಗೆ ಹೋಗಿ, ಅಲ್ಲೇ ಮದುವೆಯಾಗಿ, ಗಂಡ ತೀರಿಕೊಂಡ ಮೇಲೂ ಬ್ಲೈತ್ ಎಂಬ ಕಡಲತೀರದ ಊರಲ್ಲೇ ಉಳಿದವರು. ಪ್ರತಿ ಈದ್‌ಗೂ ಫೋನ್ ಮಾಡಿ ಒಂದೇ ಮಾತು: "ನಡುವೆ ಒಂದು ಸಮುದ್ರ ಅಷ್ಟೇ. ಯಾವಾಗ ಬರ್ತೀಯಾ?"

2012ರ ಹೊತ್ತಿಗೆ ನಮ್ಮಿಬ್ಬರಿಗೂ ಡಚ್ ಪಾಸ್‌ಪೋರ್ಟ್ ಬಂದಿದ್ದರಿಂದ ಇಂಗ್ಲೆಂಡಿನ ವೀಸಾದ ಗೊಡವೆ ಇರಲಿಲ್ಲ. ಐಮೌಡನ್ ಬಂದರಿನಿಂದ ಸಂಜೆ ಹೊರಡುವ ಹಡಗು ಬೆಳಿಗ್ಗೆ ನ್ಯೂಕಾಸಲ್ ಬಳಿ ಮುಟ್ಟುತ್ತದೆ, ಅದೇ ಸಂಜೆ ವಾಪಸ್ಸು ಹೊರಡುತ್ತದೆ. ಸೈಕಲ್ ಒಯ್ಯಬಹುದು. ಒಂದು ಶನಿವಾರ ಬೇಲಿಯ ಮೇಲೆ ಕೂತು ಬ್ರೆಡ್ಡು ತಿನ್ನುವಾಗ ನಾನೇ ಅಂದೆ:

"ನಿಮ್ಮ ಖಾಲಾನ ಮನಿಗೆ ಸೈಕಲ್ ಮ್ಯಾಲ ಹೋಗೂಣೇನು?"

ಅವಳು ಬ್ರೆಡ್ಡು ಕೆಳಗಿಟ್ಟಳು. "ಇಂಗ್ಲೆಂಡಿಗೆ? ಸೈಕಲ್ಲಲ್ಲಿ?"

"ಸಮುದ್ರ ಹಡಗು ದಾಟಸ್ತದ. ಉಳಿದದ್ದು ನಾವು."

ಅವಳು ಆ ಊರಿನ ನಕಾಶೆ ತೆರೆದು ದಾರಿ ನೋಡಲು ಶುರುಮಾಡಿದಾಗಲೇ ನನಗೆ ಗೊತ್ತಾಯಿತು, ಹೋಗುತ್ತೇವೆ ಎಂದು. ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ಹುಷಾರಾಗಿ ಹೋಗಿಬಾ. ಅಲ್ಲಿ ಎಡಕ್ಕ ಹೋಗಬೇಕು, ನಮ್ಮೂರಿನ್ಹಂಗ," ಎಂದಷ್ಟೇ ಅಂದ. ಮಗಳು ಮಾತ್ರ "ಮಮಾ, ಡೂ ನೊರ್ಮಾಲ್!" ಅಂದಳು. ನೆಟ್ಟಗಿರು, ಅತಿ ಮಾಡಬೇಡ ಎಂದು ಡಚ್ಚರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಅದು. ಶಾಲೆಯಲ್ಲಿ ಅವಳು ಮೊದಲು ಕಲಿತದ್ದೇ ಅದನ್ನು.

ಹಡಗಿನ ಹೊಟ್ಟೆಯೊಳಗೆ ಮೋಟರ್‌ಬೈಕುಗಳ ಸಾಲಿನಲ್ಲಿ ನಮ್ಮೆರಡು ಸೈಕಲ್ಲನ್ನು ಹಗ್ಗದಿಂದ ಕಂಬಿಗೆ ಕಟ್ಟಿದೆವು. ಚರ್ಮದ ಅಂಗಿ ತೊಟ್ಟ ದೈತ್ಯಾಕಾರದ ಗಂಡಸರು ಗೆಳತಿಯ ಬುಟ್ಟಿಯ ಸೈಕಲ್ಲನ್ನು ನೋಡಿ ಹೆಬ್ಬೆರಳು ಎತ್ತಿದರು. ಮರುದಿನ ಬೆಳಿಗ್ಗೆ ಅವರ ಜೊತೆಯಲ್ಲೇ ಇಳಿಜಾರಿನಲ್ಲಿ ಇಂಗ್ಲೆಂಡಿಗೆ ಇಳಿದೆವು.

ಟೈನ್‌ಮೌತಿನಲ್ಲಿ ಬಂಡೆಯ ತುದಿಯಲ್ಲಿ ನಿಂತ ಹಾಳು ಮಠದ ಗೋಡೆಗಳ ಆಚೆ ಸಮುದ್ರ ಬೂದುಬಣ್ಣಕ್ಕಿತ್ತು. ಎಷ್ಟೋ ವರ್ಷಗಳ ನಂತರ ನನ್ನ ಕಾಲು ಏರು ಕಂಡದ್ದು ಅಲ್ಲೇ. ತೊಡೆ ಉರಿಯುತ್ತಿತ್ತು, ಒಳಗೊಳಗೇ ಖುಷಿ. ಗೇರಿಲ್ಲದ ಗೆಳತಿ ಇಳಿದು ತಳ್ಳುತ್ತಾ, "ಇದು ಘಾಟಿ ಅಂತ ನೀನು ಹೇಳಲೇ ಇಲ್ಲ" ಎಂದು ದಾರಿಯುದ್ದಕ್ಕೂ ಬೈದಳು. ಎದುರಾದ ಮುದುಕರೆಲ್ಲ "ಮಾರ್ನಿಂಗ್, ಪೆಟ್" ಅನ್ನುತ್ತಿದ್ದರು.

"ಪೆಟ್ ಅಂದ್ರೆ ಸಾಕಿದ ನಾಯಿ ಬೆಕ್ಕಲ್ವಾ?" ಎಂದಳು ಅನುಮಾನದಿಂದ.

"ಇಲ್ಲಿ 'ತಂಗೀ' ಅಂದ್ಹಂಗ ಅನಸ್ತದ. ಬೈಯಬ್ಯಾಡ."

ಬ್ಲೈತ್ ಮುಟ್ಟಿದಾಗ ಖಾಲಾ ಮನೆಯ ಬಾಗಿಲಲ್ಲೇ ನಿಂತಿದ್ದರು. ಸಣ್ಣ ಆಕೃತಿ, ಬಿಳಿ ಕೂದಲು, ಮೇಲೆ ಉಣ್ಣೆಯ ಕಾರ್ಡಿಗನ್. ನಾವು ಟ್ಯಾಕ್ಸಿಯಲ್ಲಿ ಬರುತ್ತೇವೆಂದು ರಸ್ತೆ ನೋಡುತ್ತಿದ್ದವರು, ಹೆಲ್ಮೆಟ್ ಹಾಕಿಕೊಂಡ ಇಬ್ಬರು ಹೆಂಗಸರು ಗೇಟಿನ ಮುಂದೆ ನಿಂತಾಗ ಮೊದಲು ಗುರುತೇ ಹಿಡಿಯಲಿಲ್ಲ. ಗೆಳತಿ ಹೆಲ್ಮೆಟ್ ತೆಗೆದಳು. ಅವರು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಅಕ್ಕನ ಮೂಗು," ಎಂದರು. ಕನ್ನಡದಲ್ಲೇ ಎಂದರು. ಆಮೇಲೆ ಇಬ್ಬರೂ ದಖ್ನಿಯಲ್ಲಿ ಅತ್ತರು, ನಕ್ಕರು, ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರು. ನಾನು ಸೈಕಲ್ ಒರಗಿಸುವ ನೆಪದಲ್ಲಿ ಆಚೆ ನಿಂತೆ.

ಮಟನ್ ಪುಲಾವ್, ದಾಲ್ಚಾ. ಬಡಿಸುತ್ತಾ ಖಾಲಾ ನನ್ನ ಕಡೆ ತಿರುಗಿದರು. "ನಿಮ್ಮ ಜೊತೆ ಕನ್ನಡ ಮಾತಾಡ್ಲಾ? ತಪ್ಪಾದ್ರೆ ನಗಬಾರದು."

"ನೀವು ಮಾತಾಡ್ರಿ, ನಾ ಯಾಕ ನಗಲಿ."

ಮೊದಲು ತಡವರಿಸಿದರು. ಬರುತ್ತಾ ಬರುತ್ತಾ ರಸೆಲ್ ಮಾರ್ಕೆಟ್ಟು, ಸೊಪ್ಪಿನವಳ ಜೊತೆಗಿನ ಜಗಳ, ನರ್ಸಿಂಗ್ ಹಾಸ್ಟೆಲ್ಲಿನ ವಾರ್ಡನ್ನು, ಎಲ್ಲವೂ ಕನ್ನಡದಲ್ಲೇ ಹೊರಬಂದವು. ಅರ್ಧ ಪುಲಾವ್ ತಟ್ಟೆಯಲ್ಲೇ ಆರಿತು. ಹೊರಡುವ ಮೊದಲು ಕಿಟಕಿಯ ಬೆಳಕಿನಲ್ಲಿ ಇಬ್ಬರನ್ನೂ ಕೂರಿಸಿ ಫೋಟೋ ತೆಗೆದೆ. ಖಾಲಾ ನೆಟ್ಟಗೆ ಕೂತು ಉಸಿರು ಹಿಡಿದಿದ್ದರು. ಗೆಳತಿ ಅವರ ಕಿವಿಯಲ್ಲಿ ಏನೋ ಉಸುರಿದಳು, ಅವರ ಬಾಯಿ ಅಗಲವಾಯಿತು, ಆ ಕ್ಷಣಕ್ಕೆ ಒತ್ತಿದೆ. ಇಂದಿಗೂ ನಾನು ತೆಗೆದ ಅತ್ಯುತ್ತಮ ಫೋಟೋ ಯಾವುದೆಂದು ಕೇಳಿದರೆ, ಯೋಚಿಸದೆ ಅದನ್ನೇ ತೋರಿಸುತ್ತೇನೆ.

ಹಿಂತಿರುಗುವಾಗ ವಿಟ್ಲಿ ಬೇ ಎಂಬಲ್ಲಿ ಕಡಲ ಪಕ್ಕದ ಕಾಲುದಾರಿಯಲ್ಲಿ ಒಂದು ಕಂದು ನಾಯಿ ಚೆಂಡಿನ ಬೆನ್ನುಹತ್ತಿ ನೇರ ನನ್ನ ಚಕ್ರದ ಮುಂದೆ ಹಾರಿತು. ಎರಡೂ ಬ್ರೇಕ್ ಬಿಗಿದೆ. ಹಸಿ ಕಲ್ಲಿನ ಮೇಲೆ ಸೈಕಲ್ ಒಂದು ಕಡೆ, ನಾನು ಒಂದು ಕಡೆ. ನಾಯಿಗೆ ಏನೂ ಆಗಲಿಲ್ಲ. ನನ್ನ ಎಡಗೈ ಮಣಿಕಟ್ಟು ನೋಡನೋಡುತ್ತಲೇ ಊದಿತು.

ನಾಯಿಯ ಒಡತಿ ಓಡಿಬಂದು ನೂರು ಸಲ ಕ್ಷಮೆ ಕೇಳಿದಳು. ತನ್ನ ಫ್ಲಾಸ್ಕಿನಿಂದ ಚಹಾ ಸುರಿದು ಕೊಟ್ಟಳು. ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದಳು. ಬೆರಳು ಆಡಿಸಿ ನೋಡಿದೆ, ಆಡಿದವು. ಮುರಿದಿಲ್ಲ ಎಂದು ನನಗೆ ಖಾತ್ರಿಯಿತ್ತು. ಆದರೆ ಆ ಕೈಯಲ್ಲಿ ಬ್ರೇಕ್ ಹಿಡಿಯಲು ಆಗುತ್ತಿರಲಿಲ್ಲ, ಮುಂದೆ ಇದ್ದದ್ದು ಹೆಚ್ಚಾಗಿ ಇಳಿಜಾರು. ಹಡಗು ಹತ್ತುವ ಬಾಗಿಲು ಮುಚ್ಚಲು ಹೆಚ್ಚು ಹೊತ್ತಿರಲಿಲ್ಲ.

ಗೆಳತಿ ತನ್ನ ದುಪಟ್ಟಾ ತೆಗೆದು ನನ್ನ ಕೈಯನ್ನು ಕೊರಳಿಗೆ ತೂಗುಹಾಕಿದಳು. ಗಂಟು ಹಾಕುವಾಗ ಅವಳ ಮುಖ ನೋಡಿದೆ. ಪಾರ್ಕಿಂಗ್ ಜಾಗದಲ್ಲಿ ಹೆದರುತ್ತಿದ್ದ ಹೆಂಗಸು ಅಲ್ಲಿರಲಿಲ್ಲ.

"ನನ್ ಸೈಕಲ್ ನೀನು ತಗೋ," ಎಂದಳು. "ಅದಕ್ಕೆ ಕೈ ಬೇಡ. ಕಾಲು ಸಾಕು."

"ಮತ್ತ ನೀನು?"

"ನಿಂದು ಹೊಡೀತೀನಿ."

"ಗೇರು, ಎರಡು ಬ್ರೇಕು. ನೀ ಅದನ್ನ ಒಮ್ಮೇನೂ ಮುಟ್ಟಿಲ್ಲ."

"ಸ್ಕೂಟರ್‌ಗೂ ಕೈಯಲ್ಲೇ ಬ್ರೇಕ್ ಇರೋದು. ಮಾತು ಸಾಕು, ಹತ್ತು."

ಅವಳ ಸೀಟು ನನಗೆ ತಗ್ಗು, ನನ್ನದು ಅವಳಿಗೆ ಎತ್ತರ. ಸರಿಮಾಡಲು ಪುರುಸೊತ್ತಿರಲಿಲ್ಲ. ಅವಳು ತುದಿಗಾಲಲ್ಲಿ ತುಳಿಯುತ್ತಾ ಮುಂದೆ, ನಾನು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹಿಂದೆ. ವೃತ್ತ ಬಂದಾಗಲೆಲ್ಲ "ಎಡಕ್ಕೆ! ಎಡಕ್ಕೆ!" ಎಂದು ಕೂಗಿ ಕೈ ಚಾಚುತ್ತಿದ್ದಳು. ಇಳಿಜಾರಿನಲ್ಲಿ ನಾನು ಪೆಡಲನ್ನು ಮೆಲ್ಲಗೆ ಹಿಂದಕ್ಕೆ ಒತ್ತುತ್ತಾ ಇಳಿದೆ. ಕಾಲಿನ ಕೆಳಗೆ ವೇಗ ಕರಗುವುದು ಗೊತ್ತಾಗುತ್ತಿತ್ತು. ಇಷ್ಟು ಸುಲಭದ ವಿದ್ಯೆಗೆ ಅವಳನ್ನು ಎಷ್ಟು ಗೇಲಿ ಮಾಡಿದ್ದೆ ಎಂದು ಆ ನೋವಿನಲ್ಲೂ ನಗು ಬಂತು. ಅವಳು ಮಾತ್ರ ಗೇರು ಬದಲಿಸಲೇ ಇಲ್ಲ. ಏರಲ್ಲೂ ಇಳಿಜಾರಲ್ಲೂ ಸಿಕ್ಕಿದ ಒಂದೇ ಗೇರಿನಲ್ಲಿ ಬಂದರಿನವರೆಗೆ ತುಳಿದಳು.

ಬಂದರಿನಲ್ಲಿ ಕಾರುಗಳೆಲ್ಲ ಒಳಗೆ ಹೋಗಿಯಾಗಿತ್ತು. ಹಳದಿ ಜಾಕೆಟ್ಟಿನ ಕೆಲಸಗಾರ ದೂರದಿಂದಲೇ ನಮ್ಮನ್ನು ಕಂಡು ಕೈ ಬೀಸಿದ, "ಬನ್ನಿ, ಬನ್ನಿ" ಎಂಬಂತೆ. ಇಳಿಯದೆ, ನಿಲ್ಲದೆ, ಇಬ್ಬರೂ ಹಾಗೇ ಹಡಗಿನೊಳಕ್ಕೆ ನುಗ್ಗಿದೆವು. ಒಳಗೆ ನಿಂತಿದ್ದ ಅದೇ ಮೋಟರ್‌ಬೈಕಿನ ಗಂಡಸರಲ್ಲಿ ಒಬ್ಬ ನಮ್ಮ ಸೈಕಲ್ಲುಗಳನ್ನು ತೆಗೆದುಕೊಂಡು ತಾನೇ ಹಗ್ಗ ಬಿಗಿದ.

ಮೇಲಿನ ಡೆಕ್ಕಿಗೆ ಹೋದಾಗ ಟೈನ್‌ಮೌತಿನ ಮಠದ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಕೈ ಕಟ್ಟಿಹೋಗಿತ್ತು. ಬಿದ್ದ ಪೆಟ್ಟಿಗೆ ಕ್ಯಾಮೆರಾದ ಮುಂದಿನ ಗಾಜಿನ ಮುಚ್ಚಳ ಬಿರುಕುಬಿಟ್ಟಿತ್ತು, ಒಳಗಿನದು ಸರಿಯಿತ್ತು. ಅವಳು ಅದನ್ನು ಎತ್ತಿಕೊಂಡಳು.

"ನಿನ್ನ ಫೋಟೋ ಒಂದೂ ಇಲ್ಲ ಅಲ್ವಾ? ಇಷ್ಟು ವರ್ಷದಲ್ಲಿ?"

"ತೆಗಿಯೋರು ಯಾರಿದ್ರು?"

"ನಿಂತ್ಕೋ. ಮಠ ಹಿಂದೆ ಬರಲಿ. ಅಲ್ಲ, ಆ ಮೋಡ ಸರೀಲಿ, ಇರು." ಹೇಳಿ ತಾನೇ ನಕ್ಕುಬಿಟ್ಟಳು. ಆ ನಗುವಿಗೆ ಕ್ಯಾಮೆರಾ ಅಲ್ಲಾಡಿ ಫೋಟೋ ಸ್ವಲ್ಪ ಮಸುಕಾಗಿದೆ. ಹಸಿರು ದುಪಟ್ಟಾದಲ್ಲಿ ತೋಳು, ಗಾಳಿಗೆ ಎದ್ದ ಕೂದಲು. ನಾನು ಅದರಲ್ಲಿ ಗೆದ್ದು ಬಂದವಳ ಹಾಗಿದ್ದೇನೆ.

ಮಣಿಕಟ್ಟು ಉಳುಕಿತ್ತಷ್ಟೇ, ಬೇಸಿಗೆ ಮುಗಿಯುವುದರೊಳಗೆ ವಾಸಿಯಾಯಿತು. ಗೆಳತಿ ತನ್ನ ಹಳೆ ಸೈಕಲ್ಲನ್ನು ಬಿಡಲಿಲ್ಲ, ಆದರೆ ಗೇರಿನ ಇನ್ನೊಂದನ್ನು ಕೊಂಡಳು. ಖಾಲಾನ ಫೋಟೋ ಬೆಂಗಳೂರಿನಲ್ಲಿದ್ದ ಅವರ ಅಕ್ಕನಿಗೂ ಬ್ಲೈತಿಗೂ ಹೋಯಿತು. ಅಕ್ಕ ತಂಗಿಯರು ಅದರ ಬಗ್ಗೆಯೇ ವಾರಗಟ್ಟಲೆ ಫೋನಿನಲ್ಲಿ ಮಾತಾಡಿದರಂತೆ.

ಮುಂದಿನ ವಸಂತದಲ್ಲಿ ಖಾಲಾ ತಾವೇ ಅದೇ ಹಡಗು ಹತ್ತಿ ಬಂದರು. ಅವರಿಗೆ ಸೈಕಲ್ ಬರುತ್ತಿರಲಿಲ್ಲ, ಮಂಡಿನೋವು ಬೇರೆ. ಆದರೆ ಇಲ್ಲಿ ವಯಸ್ಸಾದವರಿಗಾಗಿ ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಮೂರು ಚಕ್ರದ ಗಾಡಿ ಇರುತ್ತದೆ. ನಮ್ಮ ಬೀದಿಯ ವೃದ್ಧಾಶ್ರಮದವರನ್ನು ಕೇಳಿದೆ, ಒಂದು ದಿನಕ್ಕೆ ಕೊಟ್ಟರು. ಹೂವಿನ ಹೊಲಗಳ ನಡುವಿನ ದಾರಿಯಲ್ಲಿ ಗೆಳತಿ ಮತ್ತು ಖಾಲಾ ಜೋಡಿಯಾಗಿ ಕೂತು ಹೊರಟರು, ನಾನು ಹಿಂದೆ. ಖಾಲಾ ಯಾರಾದರೂ ಎದುರು ಬಂದಾಗ ಮಾತ್ರ ಜೋರಾಗಿ ತುಳಿಯುತ್ತಿದ್ದರು, ಅವರು ದಾಟಿಹೋದ ಮೇಲೆ ಕಾಲು ಸುಮ್ಮನಿಡುತ್ತಿದ್ದರು.

"ಖಾಲಾ, ನೀವು ತುಳೀತಾನೇ ಇಲ್ಲ!"

"ನಾನು ಅತಿಥಿ ಕಣಮ್ಮ," ಎಂದರು ಖಾಲಾ, ಕೆಂಪು ಟ್ಯುಲಿಪ್ ಸಾಲುಗಳ ಕಡೆಯಿಂದ ಕಣ್ಣು ಕದಲಿಸದೆ. ನಂತರ ನನ್ನ ಕಡೆ ತಿರುಗಿ ಕೂಗಿದರು: "ಏನ್ರೀ, ಅಲ್ಲೇನು ಹಿಂದೆ ಉಳಿದ್ರಿ? ಬೇಗ ಬನ್ನಿ, ಈ ಹುಡುಗಿ ಒಬ್ಬಳ ಕೈಲಿ ನನ್ನ ಎಳೆಯೋಕಾಗಲ್ಲ!"

ನಾನು ಕ್ಯಾಮೆರಾ ಚೀಲಕ್ಕೆ ಸೇರಿಸಿ, ಗೇರು ಬದಲಿಸಿ, ಅವರನ್ನು ಹಿಡಿಯಲು ತುಳಿದೆ.